ನಾಲ್ಕು ರಾಜರೂ ಗೋಳಿಬಜೆಯ ತಟ್ಟೆಯೂ

ಇನ್ನೊಬ್ಬರ ತಪ್ಪು ಹುಡುಕುವುದು ಎಷ್ಟು ಹಿತವಾದ ಕೆಲಸವೆಂದರೆ, ಅದಕ್ಕೆ ಸಂಬಳ ಕೊಡುವವರೂ ಇದ್ದಾರೆ. ನನಗೆ ಕೊಡುತ್ತಿದ್ದರು. ನಾನು ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಹಂಚು ಬಂದರಿನಲ್ಲಿ ಮಂಜಿ ಎಂಬ ಸರಕಿನ ಹಡಗು ಹತ್ತಿ, ಹಾಯಿ ಬಿಚ್ಚಿಕೊಂಡು ದೂರದ ಊರುಗಳಿಗೆ ಹೋಗುತ್ತಿತ್ತು. ಅಲ್ಲಿ ಇಳಿಸುವಾಗ ಬಿರುಕು ಕಂಡರೆ ದೂರು ಬರುತ್ತಿತ್ತು. ಆ ಬಿರುಕು ಹುಟ್ಟಿದ್ದು ನಮ್ಮ ಭಟ್ಟಿಯಲ್ಲೋ, ಎತ್ತಿನ ಗಾಡಿಯಲ್ಲೋ, ಮಂಜಿಯ ಹೊಟ್ಟೆಯಲ್ಲೋ ಎಂದು ಪರಿಶೀಲಿಸಿ ವರದಿ ಒಪ್ಪಿಸುವುದು ನನ್ನ ಕೆಲಸ. ಅಷ್ಟು ವರ್ಷಗಳಲ್ಲಿ ಒಂದು ಸಲವೂ ನಾನು ತಪ್ಪು ನಮ್ಮ ಭಟ್ಟಿಯದೆಂದು ಬರೆದವನಲ್ಲ. ತಪ್ಪು ಯಾವಾಗಲೂ ಮಂಜಿಯವನದು. ಅಷ್ಟು ಹೊತ್ತಿಗೆ ಅವನು ನಡುಸಮುದ್ರದಲ್ಲಿ ಇರುತ್ತಿದ್ದುದರಿಂದ ಆಕ್ಷೇಪಣೆಯೂ ಬರುತ್ತಿರಲಿಲ್ಲ. ಇಂಥ ಅನುಭವಸ್ಥನಾದ ನಾನು ಒಮ್ಮೆ ನನ್ನದೇ ಇಸ್ಪೀಟಿನ ಆಟವನ್ನು ಪರಿಶೀಲಿಸಿ ಅದರ ಬಿರುಕು ಹುಡುಕಲು ಹೊರಟೆ. ಆ ಕಥೆಯನ್ನೇ ಈಗ ಹೇಳುತ್ತೇನೆ.

ಇಸ್ಪೀಟು ಎಂದ ಕೂಡಲೇ ಮುಖ ಸಿಂಡರಿಸಬೇಡಿ. ನಮ್ಮದು ಆದಿತ್ಯವಾರ ಮಧ್ಯಾಹ್ನ ಊಟದ ಮೇಲೆ ಕೂತು, ಹೊತ್ತು ಮುಳುಗುವ ಮೊದಲು ಏಳುವ ಸಂಭಾವಿತರ ಆಟ. ಅದನ್ನು ಕಲಿಸಿದವರು ಕಂಕನಾಡಿಯ ಪಾಸ್ಕಲ್ ಪೊರ್ಬುಗಳು. ಅವರು ಹಡಗಿನಲ್ಲಿ ಅಧಿಕಾರಿಗಳ ಊಟದ ಮೇಜು ನೋಡಿಕೊಳ್ಳುತ್ತಿದ್ದವರು. ನಿವೃತ್ತರಾಗಿ ಬರುವಾಗ ಒಂದು ಗೋಡೆ ಗಡಿಯಾರವನ್ನೂ ಪೋಕರ್ ಎಂಬ ಆಟವನ್ನೂ ಊರಿಗೆ ತಂದಿದ್ದರು. ಗಡಿಯಾರ ಮಂಗಳೂರಿನ ಸೆಕೆಗೆ ನಿಂತುಹೋಯಿತು. ಆಟ ಮಾತ್ರ ನಿಲ್ಲಲಿಲ್ಲ. ಆಟದ ಕ್ರಮ ಸರಳ. ಕೈಗೆ ಐದೈದು ಎಲೆ. ಬೇಡದ್ದನ್ನು ಕೊಟ್ಟು ಬೇರೆ ತೆಗೆದುಕೊಳ್ಳಬಹುದು. ಆಮೇಲೆ "ನನ್ನ ಎಲೆ ದೊಡ್ಡದು" ಎನ್ನುವವನು ಪಣ ಮುಂದಿಡಬೇಕು. ಉಳಿದವರು ನಂಬದಿದ್ದರೆ ತಾವೂ ಅಷ್ಟೇ ಇಡಬೇಕು, ನಂಬಿದರೆ ಎಲೆ ಕೆಳಗೆ ಹಾಕಿ ಸುಮ್ಮನಾಗಬೇಕು. "ಇದು ಕೈಯಲ್ಲಿ ಆಡುವ ಆಟ ಅಲ್ಲ ಮಾರಾಯ್ರೆ, ಮೋರೆಯಲ್ಲಿ ಆಡುವ ಆಟ" ಎಂದು ಪೊರ್ಬುಗಳು ಮೊದಲ ದಿನವೇ ಎಚ್ಚರಿಸಿದ್ದರು. ಅವರ ಮೋರೆಯೋ, ಹಡಗಿನಲ್ಲಿ ಎಷ್ಟೋ ಸಾಹೇಬರ ಬೈಗುಳ ಕೇಳಿ ಕೇಳಿ ಹದಗೊಂಡದ್ದು. ರಾಜ ಬಂದರೂ ಅದೇ, ಗುಲಾಮ ಬಂದರೂ ಅದೇ.

ಮೂರನೆಯವರು ಬಂದರಿನಲ್ಲಿ ಗೋಣಿಚೀಲದ ಮಂಡಿ ಇಟ್ಟಿದ್ದ ಹಸನಬ್ಬ ಸಾಹೇಬರು. "ಮೇಜಿನ ಮೇಲೆ ದುಡ್ಡು ಬಂದ್ರೆ ನಾನಿಲ್ಲ, ಈಗಲೇ ಹೇಳ್ತೇನೆ. ಅದು ಹರಾಮ್" ಎಂದು ಅವರು ಕೂರುವ ಮೊದಲೇ ಹೇಳಿದರು. ಹಾಗಾಗಿ ಪಣಕ್ಕೆ ನನ್ನ ಹೆಂಡತಿ ಸುಮತಿಯ ಮಂಜೊಟ್ಟಿ ಬೀಜಗಳು ಬಂದವು. ಅವು ಅವಳು ತವರಿನಿಂದ ತಂದ ಚೆನ್ನೆಮಣೆಯ, ಅಂದರೆ ಅಳಗುಳಿಮಣೆಯ, ಕೆಂಪು ಬೀಜಗಳು. ಚೆನ್ನೆಮಣೆ ಆಡುವುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ. ಉಳಿದ ತಿಂಗಳು ಮಣೆ ಅಟ್ಟದ ಮೇಲೆ ಇರಬೇಕೆಂದು ನಮ್ಮ ಕಡೆಯ ಪದ್ಧತಿ. ಮಣೆ ಅಟ್ಟಕ್ಕೆ ಹೋಯಿತು, ಬೀಜ ಪೋಕರಿಗೆ ಬಂತು. ನಾಲ್ಕನೆಯವರು ಧಾರವಾಡದ ಕಡೆಯಿಂದ ಬಂದು ಬಲ್ಮಠದ ಶಾಲೆಯೊಂದರಲ್ಲಿ ಕಲಿಸುತ್ತಿದ್ದ ಬ್ರಹ್ಮಚಾರಿ ರಾಮಪ್ಪ ಮಾಸ್ಟ್ರು. ಅವರಿಗೆ ತುಳು, ಕೊಂಕಣಿ, ಬ್ಯಾರಿ ಯಾವುದೂ ಬಾರದು. ಅವರೊಬ್ಬರ ದೆಸೆಯಿಂದ ನಮ್ಮ ಮೇಜಿನ ಭಾಷೆ ಕನ್ನಡವಾಯಿತು. ಇಲ್ಲದಿದ್ದರೆ ನಾವು ಮೂವರೂ ನಮ್ಮ ನಮ್ಮ ಭಾಷೆಯಲ್ಲಿ ಗುಟ್ಟಾಗಿ ಬೈದುಕೊಳ್ಳುತ್ತಾ ಸುಖವಾಗಿರುತ್ತಿದ್ದೆವು.

ದುಡ್ಡಿಲ್ಲದ ಆಟಕ್ಕೆ ರುಚಿ ಬೇಕಲ್ಲ? ಅದಕ್ಕಾಗಿ ಒಂದು ಕಾನೂನು ಮಾಡಿದೆವು. ಆಟ ಮುಗಿಯುವಾಗ ಯಾರ ಮುಂದೆ ಬೀಜ ಕಡಿಮೆಯೋ, ಮುಂದಿನ ಆದಿತ್ಯವಾರದ ಆಟ ಅವರ ಮನೆಯಲ್ಲಿ. ಚಾ ತಿಂಡಿ ಅವರದ್ದು. ಈ ಕಾನೂನು ಬಂದ ಮೇಲೆ ಆಟ ನಮ್ಮ ಮನೆ ಬಿಟ್ಟು ಹೋಗಲೇ ಇಲ್ಲ. ಬಲ್ಮಠದ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಆದಿತ್ಯವಾರ ಬಂದರೆ ಮೂವರ ಚಪ್ಪಲಿ ತಪ್ಪುತ್ತಿರಲಿಲ್ಲ. ಪೊರ್ಬುಗಳ ಹೆಂಡತಿ ರೋಜಿಬಾಯಿಯವರೂ ಗಂಡನ ಜೊತೆ ಬಂದು, ಹಿತ್ತಲ ಬಾಗಿಲಿನಿಂದ ನೇರ ಅಡಿಗೆಮನೆಗೆ ನುಗ್ಗುತ್ತಿದ್ದರು. ಒಳಗೆ ಒಂದು ವಾರ ಎಣ್ಣೆಯಲ್ಲಿ ಕರಿದ ಗೋಳಿಬಜೆ, ಒಂದು ವಾರ ಉಪ್ಪಿಟ್ಟಿಗೆ ಅವಲಕ್ಕಿ ಬೆರೆಸಿದ ಸಜ್ಜಿಗೆ ಬಜಿಲ್, ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ. ಹೊರಗೆ ನನ್ನ ಸೋಲು. ಪಣಂಬೂರಿನಲ್ಲಿ ದೊಡ್ಡ ಬಂದರು ಕಟ್ಟುತ್ತಾರಂತೆ, ಹಾಗಾದರೆ ನಮ್ಮ ಹಳೆಯ ಬಂದರಿನ ಗತಿ ಏನು ಎಂದು ಹಸನಬ್ಬ ಸಾಹೇಬರು ಬಾಯಿ ತುಂಬ ಬಜೆ ಇಟ್ಟುಕೊಂಡು ಚಿಂತೆ ಮಾಡುತ್ತಿದ್ದರು. ಆ ಚಿಂತೆಯ ನಡುವೆಯೇ ನನ್ನ ಬೀಜಗಳನ್ನು ಬಾಚಿಕೊಳ್ಳುತ್ತಿದ್ದರು.

ನನಗೆ ಸೋಲಿನ ಬಗ್ಗೆ ದೊಡ್ಡ ಬೇಸರವೇನೂ ಇರಲಿಲ್ಲ. ಒಂದು ಆದಿತ್ಯವಾರ ಮಾತ್ರ, ಸುಮತಿ ಚಾ ತಂದಿಟ್ಟಾಗ, ಅವಳ ಮಣಿಕಟ್ಟಿನಲ್ಲಿ ಕೆಂಪು ಬೊಕ್ಕೆ ಕಂಡೆ.

"ಇದೆಂತದು?" ಎಂದೆ.

"ಎಂತ ಇಲ್ಲ, ಎಣ್ಣೆ ಹಾರಿದ್ದು" ಎಂದು ಸೆರಗು ಎಳೆದುಕೊಂಡು ಒಳಗೆ ಹೋದಳು.

"ಪಾಪ, ನಮ್ಮ ಸಲುವಾಗಿ ತಂಗಿಗೆ ಎಷ್ಟು ತ್ರಾಸು ನೋಡ್ರಿ" ಎಂದು ಮಾಸ್ಟ್ರು ಮರುಗಿದರು. ಮರುಗುತ್ತಲೇ ತಟ್ಟೆಯ ಕೊನೆಯ ಬಜೆಯನ್ನೂ ತೆಗೆದುಕೊಂಡರು. ನಾನು ಚಾದ ಲೋಟ ಕೆಳಗಿಟ್ಟೆ. ನಾನು ಸೋಲುವುದು, ಅವಳು ಒಲೆಯ ಮುಂದೆ ಬೇಯುವುದು, ಇದೆಂಥ ನ್ಯಾಯ? ವಾರವಿಡೀ ದುಡಿದವಳಿಗೆ ಆದಿತ್ಯವಾರ ಒಂದು ದಿನವಾದರೂ ಕಾಲು ಚಾಚಿ ಕೂರಲು ಬಿಡಬಾರದೆ? ಇನ್ನು ಸೋಲಕೂಡದು ಎಂದು ಅಂದೇ ನಿಶ್ಚಯಿಸಿದೆ. ಸೋಲಬಾರದೆಂದರೆ ನನ್ನ ಆಟದ ಬಿರುಕು ಎಲ್ಲಿದೆಯೆಂದು ಮೊದಲು ತಿಳಿಯಬೇಕಲ್ಲ?

ಸೋಮವಾರ ಬೆಳಿಗ್ಗೆ ಕಾರ್ಖಾನೆಗೆ ನಡೆಯುವ ದಾರಿಯುದ್ದಕ್ಕೂ ಹಿಂದಿನ ದಿನದ ಆಟವನ್ನು ಎಲೆ ಎಲೆಯಾಗಿ ನೆನಪಿಗೆ ತಂದುಕೊಳ್ಳತೊಡಗಿದೆ. ಅಭ್ಯಾಸಬಲ ನೋಡಿ, ನನ್ನ ಮೊದಲ ವರದಿಯಲ್ಲಿ ತಪ್ಪು ನಾನು ಕೂರುತ್ತಿದ್ದ ಕುರ್ಚಿಯದೆಂದು ಬಂತು. ಅದರ ಒಂದು ಕಾಲು ಗಿಡ್ಡ. ಅಲುಗುವ ಕುರ್ಚಿಯಲ್ಲಿ ಕೂತವನ ಬುದ್ಧಿ ಹೇಗೆ ನೆಟ್ಟಗೆ ನಿಂತೀತು? ಕುರ್ಚಿ ಬದಲಾಯಿಸಿ, ಅದನ್ನು ಮಾಸ್ಟ್ರಿಗೆ ದಾಟಿಸಿದೆ. ಅವರು ಅದರಲ್ಲಿ ತೊಟ್ಟಿಲಿನಂತೆ ಆಡುತ್ತಾ ಕೂತು ನನ್ನನ್ನು ಸೋಲಿಸಿದರು. ಎರಡನೆಯ ವರದಿಯಲ್ಲಿ ತಪ್ಪು ನನ್ನ ಧೈರ್ಯದ್ದಾಯಿತು, ಮೂರನೆಯದರಲ್ಲಿ ಎಲೆ ಕಲಸುವ ಹಸನಬ್ಬ ಸಾಹೇಬರ ಕೈಯದು. ಎಲ್ಲಕ್ಕಿಂತ ವಿಚಿತ್ರವೆಂದರೆ, ನನಗೆ ಒಳ್ಳೆಯ ಎಲೆ ಬರುತ್ತಿರಲಿಲ್ಲ ಎಂದೇನೂ ಅಲ್ಲ. ಬರುತ್ತಿತ್ತು. ಆದರೆ ಮೂರು ರಾಣಿಯರು ಒಟ್ಟಿಗೆ ಬಂದ ದಿನ ನಾನು ಪಣ ಇಡುವ ಮೊದಲೇ ಮೂವರೂ ಎಲೆ ಕೆಳಗೆ ಹಾಕಿಬಿಡುತ್ತಿದ್ದರು. ಕೈಯಲ್ಲಿ ಬರೀ ಕಸ ಇಟ್ಟುಕೊಂಡು ಜಂಬ ಕೊಚ್ಚಿದ ದಿನ ಮೂವರೂ ನಗುತ್ತಾ ಕೊನೆಯವರೆಗೆ ಕೂತು, ನನ್ನನ್ನು ಬೋಳಿಸಿ ಬಿಡುತ್ತಿದ್ದರು.

ಕೊನೆಗೆ ನಾಚಿಕೆ ಬಿಟ್ಟು ಪೊರ್ಬುಗಳನ್ನೇ ಕೇಳಿದೆ. "ನನ್ನ ಆಟದಲ್ಲಿ ಎಂತ ದೋಷ ಉಂಟು, ಒಂದು ಹೇಳಿ ಪೊರ್ಬುಗಳೇ."

"ಎದುರಾಳಿಯ ಹತ್ತಿರ ಹೋಗಿ ಕೇಳ್ತೀರಲ್ಲ, ಅದು ಒಂದು ದೋಷ" ಎಂದರು ಅವರು. "ಇನ್ನೊಂದು ಉಂಟು. ಅದನ್ನು ಹೇಳ್ಲಿಕ್ಕೆ ನಾನೆಂತ ಹುಚ್ಚನಾ?"

ಹಾಗಾದರೆ ಇದು ಮೋರೆಯದೇ ದೋಷ ಎಂದು ಖಾತ್ರಿಯಾಯಿತು. ಶನಿವಾರ ಅರ್ಧ ದಿನದ ರಜೆ. ಮನೆಗೆ ಬಂದವನೇ ಸುಮತಿಯ ಕನ್ನಡಿಯ ಮುಂದೆ ಸ್ಟೂಲು ಹಾಕಿ ಕೂತು, ಐದು ಎಲೆ ಕೈಯಲ್ಲಿ ಹಿಡಿದು ಮುಖವನ್ನು ಕಲ್ಲು ಮಾಡುವ ಅಭ್ಯಾಸ ಶುರು ಮಾಡಿದೆ. ಹುಬ್ಬು ಇಳಿಸಿದೆ, ತುಟಿ ಬಿಗಿದೆ, ಕಣ್ಣು ಅರ್ಧ ಮುಚ್ಚಿದೆ. ಕನ್ನಡಿಯೊಳಗಿನ ಮನುಷ್ಯನಿಗೆ ಹಲ್ಲುನೋವು ಇದ್ದಂತೆ ಕಾಣುತ್ತಿತ್ತು. ಸುಮತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ನನಗೆ ಗೊತ್ತಾದದ್ದು ಅವಳೂ ಕನ್ನಡಿಯಲ್ಲಿ ಕಂಡಾಗ.

"ಎಂತ ಮಾಡ್ತಾ ಇದ್ದೀರಿ?"

"ನನ್ನ ಆಟದ ತಪ್ಪು ಹುಡುಕ್ತಾ ಇದ್ದೇನೆ. ಸೋತು ಸೋತು ಸಾಕಾಯ್ತು ಸುಮತಿ."

ಅವಳು ನಗಲಿಲ್ಲ. ಹೊಸ್ತಿಲ ಮೇಲೆ ಕೂತು ಸೆರಗಿನ ತುದಿ ಸುತ್ತತೊಡಗಿದಳು. "ಗೆದ್ದರೆ ನಿಮಗೆ ಅಷ್ಟು ಖುಷಿಯಾಗ್ತದಾ?" ಎಂದು ಕೇಳಿದಳು.

"ಆಗದೆ ಮತ್ತೆ?" ಎಂದೆ. ನಿನ್ನ ಕೈ ಸುಡದಿರಲಿ ಎಂದು ಗೆಲ್ಲಬೇಕಾಗಿದೆ ಎಂದು ಹೇಳಬಹುದಿತ್ತು. ಆದರೆ ಮದುವೆಯಾಗಿ ಅಷ್ಟು ಕಾಲವಾದ ಮೇಲೆ ಅಂಥ ಮಾತು ಆಡುವುದೆಂದರೆ ನಮ್ಮ ಕಡೆಯ ಗಂಡಸರಿಗೆ ತಲೆನೋವು ಬರುತ್ತದೆ.

"ಹಾಗಾದ್ರೆ ಕೇಳಿ. ದೋಷ ನಿಮ್ಮ ಮೋರೆಯಲ್ಲಿ ಇಲ್ಲ, ಕೈಯಲ್ಲಿ ಉಂಟು. ಒಳ್ಳೆ ಎಲೆ ಬಂದ ಕೂಡ್ಲೆ ನಿಮಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿ ಬರ್ತದೆ. 'ತಗೊಳ್ಳಿ ಸಾಹೇಬ್ರೆ, ತಗೊಳ್ಳಿ ಮಾಸ್ಟ್ರೆ' ಅಂತ ತಟ್ಟೆ ಅವರ ಕಡೆ ದೂಡ್ತೀರಿ. ಎಲೆ ಹಾಳಾದ್ರೆ ತಟ್ಟೆ ನಿಮ್ಮ ಹತ್ತಿರ ಎಳ್ಕೊಂಡು ನೀವೇ ತಿನ್ತೀರಿ. ನನಗೆ ಅಡಿಗೆಮನೆಯಲ್ಲಿ ಕೂತೇ ಗೊತ್ತಾಗ್ತದೆ."

ಎಂಥ ಸತ್ಯ! ಅಂಗಿ ಬಿಚ್ಚಿ ನಡುಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು. "ಇಷ್ಟು ದಿವಸ ಯಾಕೆ ಹೇಳಲಿಲ್ಲ?" ಎಂದದ್ದಕ್ಕೆ "ನೀವು ಕೇಳ್ಲಿಲ್ಲ" ಎಂದಷ್ಟೇ ಹೇಳಿ ಎದ್ದು ಹೋದಳು.

ಮರುದಿನ ನಾನು ಒಳ್ಳೆಯ ಎಲೆಗೂ ತಿಂದೆ, ಹಾಳು ಎಲೆಗೂ ತಿಂದೆ. ಯಾರಿಗೂ ಒಂದು ಬಜೆಯ ಉಪಚಾರ ಮಾಡಲಿಲ್ಲ. ಹಸನಬ್ಬ ಸಾಹೇಬರು ತಟ್ಟೆಯನ್ನೂ ನನ್ನನ್ನೂ ನೋಡಿ ನೋಡಿ ಕಕ್ಕಾಬಿಕ್ಕಿಯಾದರು. ಸಂಜೆಗೆ ನನ್ನ ಮುಂದೆ ಮಂಜೊಟ್ಟಿಯ ಗುಡ್ಡೆ, ಹೊಟ್ಟೆಯಲ್ಲಿ ಬಜೆಯ ಗುಡ್ಡೆ. ಸೋತವರು ಮಾಸ್ಟ್ರು. ನಮ್ಮ ಮೇಜಿನಲ್ಲಿ ನನ್ನ ನಂತರದ ದುರ್ಬಲ ಆಟಗಾರರು ಅವರೇ ಎಂದು ಅಂದು ಎಲ್ಲರಿಗೂ ತಿಳಿಯಿತು.

ಮಾಸ್ಟ್ರ ವಾಸ ಹಂಪನಕಟ್ಟೆಯ ಲಾಡ್ಜಿನ ಮಾಳಿಗೆಯ ಕೋಣೆಯಲ್ಲಿ. ಅಲ್ಲಿ ಒಂದು ಮಂಚ, ಒಂದು ಟ್ರಂಕು, ಗೋಡೆಗೆ ಒರಗಿಸಿದ ಕೊಡೆ. ಟ್ರಂಕೇ ಮೇಜು. ಚಾ ಕೆಳಗಿನ ಹೋಟೆಲಿನಿಂದ, ತಿಂಡಿ ಎಂದರೆ ಬಾಳೆಹಣ್ಣು. ಮುಂದಿನ ವಾರವೂ ಅವರೇ ಸೋತರು, ಅದರ ಮುಂದಿನ ವಾರವೂ ಅವರೇ. ನಾನು ಬೀಜದ ಚೀಲ ಹಿಡಿದುಕೊಂಡು ಊಟವಾದ ಕೂಡಲೇ ಹೊರಡುತ್ತಿದ್ದೆ, ಗೆದ್ದು ಬರುತ್ತಿದ್ದೆ. ಪೊರ್ಬುಗಳು ಮಾತ್ರ ಸಿಪ್ಪೆ ಸುಲಿಯುತ್ತಾ, "ಹಡಗಿನಲ್ಲಿ ಬಿರುಗಾಳಿ ಬಂದಾಗಲೂ ನಮಗೆ ಇದಕ್ಕಿಂತ ಒಳ್ಳೆಯದು ಸಿಗ್ತಾ ಇತ್ತು" ಎಂದು ಗೊಣಗುತ್ತಿದ್ದರು. "ನಾ ಏನ್ ಮಾಡ್ಲಿರೀ, ನೀವು ಬ್ಯಾರೆ ಯಾರರೆ ಸೋಲ್ರಿ" ಎಂದು ಮಾಸ್ಟ್ರು ಅಳುವ ದನಿ ತೆಗೆಯುತ್ತಿದ್ದರು.

ಹೀಗೊಂದು ಆದಿತ್ಯವಾರ ತುಸು ಬೇಗ ಮನೆಗೆ ಬಂದೆ. ಜಗಲಿಯಲ್ಲಿ ಯಾರ ಚಪ್ಪಲಿಯೂ ಇಲ್ಲ. ಒಳಗೆ ಸುಮತಿ ನೆಲದ ಮೇಲೆ ಕೂತು ಚೆನ್ನೆಮಣೆ ಆಡುತ್ತಿದ್ದಳು. ಆಟಿ ತಿಂಗಳಲ್ಲ, ಜೊತೆಗೆ ಇನ್ನೊಬ್ಬರೂ ಇಲ್ಲ. ಅವಳ ಮಂಜೊಟ್ಟಿ ನನ್ನ ಕೈಯ ಚೀಲದಲ್ಲಿ ಇದ್ದುದರಿಂದ ಗುಳಿಗಳಿಗೆ ಹುಣಸೆ ಬೀಜ ಹಾಕಿಕೊಂಡಿದ್ದಳು. ಬಲಗೈಯಿಂದ ಒಂದು ಬದಿ, ಎಡಗೈಯಿಂದ ಇನ್ನೊಂದು ಬದಿ.

"ಎಂತಾಯ್ತು ಆಟ?" ಎಂದಳು ತಲೆಯೆತ್ತದೆ.

"ಗೆದ್ದೆ. ಇಲ್ಲಿ ಯಾರು ಗೆಲ್ತಾ ಇದ್ದಾರೆ?"

"ಎಡಗೈ" ಎಂದಳು.

ಸುಮತಿ ಕಾರ್ಕಳದ ತುಂಬಿದ ಮನೆಯಲ್ಲಿ ಬೆಳೆದವಳು. ಅಲ್ಲಿ ಒಂದು ಹೊತ್ತಿಗೆ ಎಷ್ಟು ಎಲೆ ಹಾಕಬೇಕೆಂದು ಊಟಕ್ಕೆ ಕೂರುವವರೆಗೂ ಯಾರಿಗೂ ಗೊತ್ತಿರುತ್ತಿರಲಿಲ್ಲ. ಆ ಮನೆಯವಳು ಬಲ್ಮಠದ ಈ ಮೂರು ಕೋಣೆಯಲ್ಲಿ ವಾರವಿಡೀ ಗೋಡೆಯ ಜೊತೆ ಮಾತಾಡಿಕೊಂಡು ಇರುತ್ತಿದ್ದಳು. ಆದಿತ್ಯವಾರ ರೋಜಿಬಾಯಿ ಬಂದರೆ ಅವರ ಕೊಂಕಣಿ ಬೆರೆತ ತುಳುವಿಗೂ ಇವಳ ಕಾರ್ಕಳದ ತುಳುವಿಗೂ ಒಲೆಯ ಮುಂದೆ ಹಬ್ಬ. ಕ್ರಿಸ್ಮಸಿನ ಸಿಹಿ ಕಡುಬು ನೆವರಿಯನ್ನು ಮಡಚುವುದನ್ನು ಇವಳು ಕಲಿತದ್ದು, ಪತ್ರೊಡೆ ಸುತ್ತುವುದನ್ನು ಅವರು ಕಲಿತದ್ದು ಎಲ್ಲವೂ ನನ್ನ ಸೋಲಿನ ದಿನಗಳಲ್ಲಿಯೇ. ಅವಳ ವಿಶ್ರಾಂತಿಗೆಂದು ನಾನು ಗೆದ್ದು ತಂದದ್ದು ಇದು: ಹುಣಸೆ ಬೀಜ ಮತ್ತು ಎಡಗೈ. ಮುಂದಿನ ವಾರ ಹೇಗಾದರೂ ಸೋತೇ ಬರಬೇಕೆಂದುಕೊಂಡೆ.

ಸೋಲುವುದೇನು ಮಹಾ ವಿದ್ಯೆ, ಅಷ್ಟು ಕಾಲ ಮಾಡಿದ್ದೇ ಅಲ್ಲವೇ ಎಂದು ಹೊರಟರೆ, ಆಟ ಬೇರೆಯೇ ಆಗಿತ್ತು. ನಾನು ಚತುರನಾಗಿದ್ದೇನೆಂದು ಮೂವರೂ ನಂಬಿಬಿಟ್ಟಿದ್ದರು. ಎರಡು ಎಕ್ಕ ಬಂದಾಗ ಹಿಂದಿನಂತೆ "ತಗೊಳ್ಳಿ ಸಾಹೇಬ್ರೆ" ಎಂದು ಬಾಳೆಹಣ್ಣು ದೂಡಿದೆ, ಅವರು ಎಲೆ ಕೆಳಗಿಟ್ಟು ನನಗೆ ಬೀಜ ಸೇರದಿರಲಿ ಎಂದು. ಹಸನಬ್ಬ ಸಾಹೇಬರು ಕಣ್ಣು ಮಿಟುಕಿಸಿ, "ಹೋಗಿ ಮಾರಾಯ್ರೆ, ಈಗ ಈ ನಾಟಕಕ್ಕೆಲ್ಲ ನಾವು ಬೀಳುದಿಲ್ಲ" ಎಂದು ಪಣ ಏರಿಸಿ ಸೋತರು. ಕೈಯಲ್ಲಿ ಬರೀ ಕಸವಿದ್ದಾಗ ಬೀಜಗಳನ್ನು ಕಳೆದುಕೊಳ್ಳಲೆಂದೇ ಒಂದು ಹಿಡಿ ಮುಂದಿಟ್ಟೆ. "ಇಷ್ಟು ಧೈರ್ಯ ಐತಿ ಅಂದ್ರ ಭಾಳ ದೊಡ್ಡದ ಇರ್ಬೇಕು" ಎಂದು ಮಾಸ್ಟ್ರು ಹೆದರಿ ಎಲೆ ಹಾಕಿದರು, ಉಳಿದಿಬ್ಬರೂ ಹಾಕಿದರು. ಬೇಡ ಬೇಡವೆಂದರೂ ಬೀಜಗಳು ನನ್ನ ಮುಂದೆಯೇ ಬಂದು ಬೀಳುತ್ತಿದ್ದವು. ಹೊತ್ತು ಇಳಿಯುತ್ತಾ ಬಂತು. ಸೋಲುವುದಕ್ಕೆ ನಾನು ಅಷ್ಟು ಬೆವರಿದ್ದು ಹಿಂದೆಂದೂ ಇಲ್ಲ.

ಕೊನೆಯ ಆಟದಲ್ಲಿ ಎಲೆ ಎತ್ತಿದರೆ, ದೇವರೇ, ನಾಲ್ಕು ರಾಜರು! ಪೋಕರ್ ಆಡುವವನು ಜನ್ಮಕ್ಕೊಮ್ಮೆ ಕಂಡರೆ ಪುಣ್ಯ. ಸೋಲಲು ಬಂದವನೆಂಬುದನ್ನೂ ಮರೆತು ನಾನು ನನ್ನ ಮುಂದಿದ್ದ ಗುಡ್ಡೆಯನ್ನು ಹೆಚ್ಚುಕಡಿಮೆ ಪೂರ್ತಿ ನಡುವಿಗೆ ದೂಡಿದೆ. ಇಷ್ಟು ಹೊತ್ತು ಎಲೆ ಹಾಕಿ ಹಾಕಿ ರೋಸಿದ್ದ ಹಸನಬ್ಬ ಸಾಹೇಬರು ಈ ಸಲ ಹಟ ಹಿಡಿದು, ಪೊರ್ಬುಗಳ ಬೀಜವನ್ನೂ ಕಡ ತೆಗೆದು ತಾವೂ ಅಷ್ಟೇ ಇಟ್ಟು, ಮೇಲೆ ಇನ್ನೊಂದು ಬೀಜ ಇಟ್ಟರು. ನಾನು ಒಂದು ಬೀಜ ಮುಂದಿಟ್ಟು ಎಲೆ ತೋರಿಸಿದರೆ ಮುಗಿಯಿತು, ಎಲ್ಲ ನನ್ನದೇ. ಆ ನಾಲ್ವರು ರಾಜರ ಮುಖ ನೋಡಿದೆ. ಎಡಗೈ ಗೆಲ್ಲುತ್ತಿದೆ ಎಂದ ದನಿ ಕಿವಿಯಲ್ಲೇ ಇತ್ತು. "ನನ್ನ ಆಟ ಮುಗೀತು ಸಾಹೇಬ್ರೆ" ಎಂದು ನಾಲ್ವರನ್ನೂ ಬೋರಲು ಮಲಗಿಸಿದೆ. ಸಾಹೇಬರು ಸಂತೋಷದಿಂದ ತೊಡೆ ತಟ್ಟಿಕೊಂಡರು. ಮಾಸ್ಟ್ರು ನನ್ನ ಕೈ ಹಿಡಿದು, "ನೀವು ಸೋತ್ರಲ್ರೀ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಪೊರ್ಬುಗಳು ಎಲೆ ಒಟ್ಟು ಮಾಡುತ್ತಾ ನನ್ನವನ್ನು ಒಂದು ಸಲ ಮಗುಚಿ ನೋಡಿದರು. ಮೋರೆಯಲ್ಲಿ ಏನೂ ಇಲ್ಲ. ಎಲೆಗಳನ್ನು ಕಟ್ಟಿಗೆ ಸೇರಿಸಿ ನೂಲು ಸುತ್ತಿದರು.

ಹಿಂತಿರುಗುವಾಗ ಬಲ್ಮಠದ ಏರಿನಲ್ಲಿ ನಾವಿಬ್ಬರೇ. ಪೊರ್ಬುಗಳು ಕೊಡೆ ಊರಿಕೊಂಡು ನಿಂತರು.

"ಶೀನಪ್ಪ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬಾರ್ದು. ಕಳ್ಳ ಎಲೆ ಇಟ್ಕೊಂಡು ಗೆಲ್ಲುವವರನ್ನು ನಾನು ಹಡಗಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ನಾಲ್ಕು ರಾಜರನ್ನು ಮಣ್ಣು ಮಾಡಿ ಸೋಲುವ ಮನುಷ್ಯನನ್ನು ಇವತ್ತೇ ನೋಡಿದ್ದು. ಎಂತ ಸಂಗತಿ?"

"ಸುಮತಿಗೆ ಆದಿತ್ಯವಾರ ಒಬ್ಬಳಿಗೇ ಬೇಜಾರಾಗ್ತದೆ ಪೊರ್ಬುಗಳೇ" ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಅವರ ಮೋರೆ ಒಡೆಯಿತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. "ಅಯ್ಯೋ ದೇವಾ! ನಿಮ್ಮ ತಟ್ಟೆಯ ಗುಟ್ಟು ನಾವೇ ಕಂಡುಹಿಡಿದದ್ದು ಅಂತ ಗ್ರಹಿಸಿದ್ದೀರಾ? ನಿಮ್ಮ ಮನೆಯವರೇ ನಮ್ಮ ರೋಜಿಯ ಹತ್ತಿರ ಹೇಳಿ ಕಳಿಸಿದ್ದು, ಮಾರಾಯ್ರೆ! 'ಇವರು ತಟ್ಟೆ ದೂಡಿದ್ರೆ ನೀವೆಲ್ಲ ಎಲೆ ಕೆಳಗಿಡಿ. ಬರುವ ವಾರವೂ ಇಲ್ಲಿಗೇ ಬರಬಹುದು' ಅಂತ. ರೋಜಿ ನನಗೆ ಹೇಳಿದ್ದು, ನಾನು ಅವರಿಬ್ಬರಿಗೆ ಹೇಳಿದ್ದು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕನ್ನಡಿಯ ಮುಂದೆ ನನ್ನ ಅವಸ್ಥೆ ನೋಡಿ ಅವಳು ಸೆರಗಿನ ತುದಿ ಸುತ್ತುತ್ತಾ ಕೂತದ್ದು ನೆನಪಾಯಿತು. ಗೆದ್ದರೆ ನಿಮಗೆ ಅಷ್ಟು ಖುಷಿಯಾಗ್ತದಾ ಎಂದು ಕೇಳಿದ್ದಳಲ್ಲ? ತನ್ನ ಆದಿತ್ಯವಾರಗಳನ್ನು ನನ್ನ ಕೈಗೆ ಎತ್ತಿ ಕೊಟ್ಟು, ಏನೂ ಆಗದವಳಂತೆ ಎದ್ದು ಹೋಗಿದ್ದಳು. ಆ ಹೆಂಗಸಿಗೂ, ಬಜೆಯ ಆಸೆಗೋ ಸ್ನೇಹಕ್ಕೋ ನನ್ನನ್ನು ಅಷ್ಟು ಮುತುವರ್ಜಿಯಿಂದ ಸೋಲಿಸಿದ ಆ ಮೂವರಿಗೂ ನಾನು ಋಣಿ. ಅಂದೂ ಋಣಿ, ಇಂದೂ ಋಣಿ.

ಒಟ್ಟಿನಲ್ಲಿ, ನನ್ನ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಬಿರುಕು ಹುಟ್ಟಿದ್ದು ನಮ್ಮದೇ ಒಲೆಯಲ್ಲಿ ಎಂದು ಸಿದ್ಧವಾಯಿತು. ಮನೆಗೆ ಬಂದು ಮಂಜೊಟ್ಟಿಯ ಚೀಲವನ್ನು ಅವಳ ಮುಂದಿಟ್ಟು, "ಸೋತೆ. ಬರುವ ವಾರ ನಮ್ಮಲ್ಲೇ" ಎಂದೆ.

"ಛೆ, ಪಾಪ. ಅಷ್ಟು ಚಂದ ಗೆಲ್ತಾ ಇದ್ರಿ" ಎಂದಳು ಸುಮತಿ. ಎದ್ದು ಚೆನ್ನೆಮಣೆಯನ್ನು ಒರಸಿ ಅಟ್ಟದ ಮೇಲಿಟ್ಟಳು. "ಕಂಕನಾಡಿಗೆ ಹೋದ್ರೆ ಮೈದಾ ತನ್ನಿ. ಎಣ್ಣೆಯೂ ಸಾಲ್ಲಿಕ್ಕಿಲ್ಲ. ಹೇಗೆ ಸೋತದ್ದು ಮತ್ತೆ?"

ವರದಿ ಒಪ್ಪಿಸಬೇಕಲ್ಲ. ನಾನು ಎಂದಿನಂತೆ ತಪ್ಪನ್ನು ಹಡಗಿನವರ ಮೇಲೆ ಹಾಕಿದೆ. "ಎಲ್ಲ ಆ ಪೊರ್ಬುಗಳದ್ದೇ. ನನ್ನ ಎಲೆ ಅವರಿಗೆ ಹೇಗೋ ಗೊತ್ತಾಗ್ತದೆ. ಯಾರೋ ಹೇಳಿಕೊಡ್ತಾರೆ ಅಂತ ನನಗೆ ಅನುಮಾನ."

"ಹೋಗಿ ನೀವೊಬ್ರು!" ಎಂದಳು ಸುಮತಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು. "ಅವರಿಗೆ ಯಾರು ಹೇಳಿಕೊಡ್ತಾರೆ?"

ಅವಳ ಮೋರೆಯಲ್ಲಿ ಒಂದು ಗೆರೆ ಅಲುಗಲಿಲ್ಲ. ನಾನೋ, ಒಳ್ಳೆಯ ಎಲೆ ಬಂದವನ ಹಾಗೆ, ಎದುರಿಗಿದ್ದ ಅವಲಕ್ಕಿಯ ತಟ್ಟೆಯನ್ನು ಅವಳ ಕಡೆಗೆ ದೂಡಿ, "ತಗೋ" ಎಂದೆ.